ಎರಡೇ ಮೊಲದ ಕರಾರು

ನಾನು ದೆವ್ವಗಳನ್ನು ನಂಬುವವಳಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳುವವಳೇ ನಂಬಿದರೆ ಮಕ್ಕಳ ಗತಿಯೇನು? ಆದರೆ ನಾನು ಬಾಡಿಗೆಗೆ ಹೋದ ಮನೆಗಳಲ್ಲೆಲ್ಲ, ನನಗೆ ಬುದ್ಧಿ ಕಲಿಸಬೇಕೆಂದೇ ಏನಾದರೊಂದು ನಡೆಯುತ್ತಿತ್ತು. ಮಿಕ್ಕ ಮನೆಗಳ ಮಾತು ಬಿಡಿ. ಜಯನಗರದ ಮನೆಯಲ್ಲಿ ಒಂದು ವರ್ಷದೊಳಗೆ ನಡೆದದ್ದನ್ನಷ್ಟೇ ಹೇಳುತ್ತೇನೆ.

ಅರವತ್ತರ ದಶಕದ ಮೊದಲ ವರ್ಷಗಳು. ಆಗಿನ ಜಯನಗರದಲ್ಲಿ ರಸ್ತೆಗಳಿಗೆಲ್ಲ ನಂಬರು ಇತ್ತು, ರಸ್ತೆಗಳಲ್ಲಿ ಮನೆಗಳಿರಲಿಲ್ಲ. ನಮ್ಮ ಕ್ರಾಸಿನಲ್ಲಿ ಮೂರೇ ಮನೆ. ಉಳಿದ ಸೈಟುಗಳಲ್ಲಿ ಲಾಂಟಾನ ಪೊದೆ, ಅರ್ಧಕ್ಕೆ ನಿಂತ ಗೋಡೆಗಳು, ಬಾಗಿಲಿಲ್ಲದ ಬಾಗಿಲುವಾಡಗಳು. ದೀಪ ಹಚ್ಚುವ ಹೊತ್ತಿಗೆ ಬನಶಂಕರಿ ಕಡೆಯ ಬಯಲಿನಿಂದ ನರಿ ಕೂಗು ಕೇಳುತ್ತಿತ್ತು. ನಮ್ಮದು ಹಿಂದಿನ ಪೋರ್ಷನ್ನು. ಮುಂದೆ ಮನೆ ಮಾಲೀಕರು, ಗೌಡರು. ಹಿತ್ತಿಲಿನಲ್ಲಿ ಒಂದು ಸೌದೆ ಕೋಣೆ, ಒಂದು ಹೊಂಗೆ ಮರ, ಮರದ ಕೆಳಗೆ ಗೌಡರ ತಾಯಿಯ ಸಮಾಧಿ.

೧. ಕರಾರು ಮತ್ತು ಗೋತ್ರ

ನನ್ನ ಗಂಡನಿಗೆ ರಾಯಚೂರಿಗೆ ವರ್ಗವಾಗಿತ್ತು. ಅತ್ತೆಯನ್ನೂ ಎಂಟು ವರ್ಷದ ಮಗಳನ್ನೂ ಕಟ್ಟಿಕೊಂಡು ನಾನು ಮನೆ ಹುಡುಕಲು ಹೊರಟರೆ ಎಲ್ಲರದ್ದೂ ಒಂದೇ ಪ್ರಶ್ನೆ: "ಗಂಡಸರು ಎಲ್ಲಿ?" ರಾಯಚೂರು ಅಂದ ತಕ್ಷಣ ಮನೆ ಖಾಲಿ ಇರುತ್ತಿರಲಿಲ್ಲ. ಗೌಡರೊಬ್ಬರೇ ಹೂಂ ಅಂದವರು. ಈ ಮನೆಯೂ ಕೈಬಿಟ್ಟರೆ ಕೆಲಸ ಬಿಟ್ಟು ರಾಯಚೂರಿಗೆ ಗಂಟುಮೂಟೆ ಕಟ್ಟಬೇಕಾಗಿತ್ತು. ಕೆಲಸ ಬಿಡಲು ನನಗೆ ಸುತರಾಂ ಮನಸ್ಸಿರಲಿಲ್ಲ.

ಆ ಸಂಕ್ರಾಂತಿಗೆ ತ್ಯಾಗರಾಜನಗರದ ಮನೆಯಲ್ಲಿ ಮೊಲ ಸಾಕಿದ್ದ ನಮ್ಮ ಸ್ಕೂಲಿನ ಡ್ರಾಯಿಂಗ್ ಮಾಸ್ಟರು ನನ್ನ ಮಗಳಿಗೆ ಎರಡು ಬಿಳಿ ಮರಿ ಕೊಟ್ಟರು. ಒಂದು ಗಂಡು, ಒಂದು ಹೆಣ್ಣು, ಎರಡೂ ಒಂದೇ ತಾಯಿಯ ಮಕ್ಕಳು. ನೋಡಲು ಒಂದೇ ಥರ ಇದ್ದುದರಿಂದ ಮಗಳು ಉಪ್ಪು, ಸಕ್ಕರೆ ಅಂತ ಹೆಸರಿಟ್ಟಳು. ಗಂಡು ಉಪ್ಪು, ಹೆಣ್ಣು ಸಕ್ಕರೆ.

ಗೌಡರು ಬಂದು ಎರಡನ್ನೂ ತೊಡೆಯ ಮೇಲಿಟ್ಟುಕೊಂಡು ಸವರಿದರು. ಅವರ ಎರಡು ಕಣ್ಣಿಗೂ ಪೊರೆ ಬಂದಿತ್ತು. ಆಪರೇಷನ್ ಮಾಡಿಸಿಕೊಳ್ಳಿ ಅಂದರೆ, "ಇರೋ ಮಬ್ಬೂ ಹೊಂಟೋದ್ರೆ?" ಅನ್ನುತ್ತಿದ್ದರು.

"ಸಾಕ್ಕಳಿ ಟೀಚರಮ್ಮ, ಬ್ಯಾಡ ಅನ್ನಕಿಲ್ಲ. ಆದ್ರೆ ಎಲ್ಡು ಅಂದ್ರೆ ಎಲ್ಡೇಯ. ಮೂರ್ನೇದು ನನ್ ಕೈಗೆ ಸಿಕ್ತೋ, ಮನೆ ಖಾಲಿ ಮಾಡ್ಬುಡಿ. ಜಾಸ್ತಿ ಆದ್ರೆ ನೆಲ ಕೆದಕ್ತವೆ. ಅಲ್ಲಿ ಅವ್ವ ಮಲಗವ್ಳೆ."

ಪ್ರತಿ ಭಾನುವಾರ ಬಂದು ಕೈಯಿಂದ ಮುಟ್ಟಿ ಎಣಿಸುವುದಾಗಿಯೂ ಹೇಳಿಹೋದರು. ಅವರು ಹೋದ ಮೇಲೆ ನಾನು, ಎರಡನ್ನೂ ಬೇರೆ ಬೇರೆ ಇಡೋಣವೇ ಎಂದೆ. ಅತ್ತೆಗೆ ಕೋಪ ಬಂತು.

"ಏನೇ ಹಾಗಂದ್ರೆ? ಅಣ್ಣ ತಂಗಿ ಅವು. ಸಗೋತ್ರ. ಏನೂ ಆಗಲ್ಲ."

"ಅಮ್ಮ, ಅವು ಮೊಲ."

"ಮೊಲ ಆದ್ರೆ ಮಾನ ಮರ್ಯಾದೆ ಇರಲ್ವೇ?"

ನಾನೂ ಹೆಚ್ಚು ವಾದಿಸಲಿಲ್ಲ. ಮೂರು ತಿಂಗಳೂ ತುಂಬದ ಹಸುಳೆಗಳು, ಈಗಲೇ ಏನು ಅವಸರ ಅನ್ನಿಸಿತು. ನಿಜ ಹೇಳಬೇಕೆಂದರೆ, ವಿಜ್ಞಾನದ ಪುಸ್ತಕದಲ್ಲಿ ಈ ವಿಷಯ ಬರುವ ಹನ್ನೊಂದನೇ ಪಾಠವನ್ನು ನಾನು ಪ್ರತಿ ವರ್ಷ "ಮನೆಯಲ್ಲಿ ಓದಿಕೊಳ್ಳಿ" ಅಂತ ಹುಡುಗಿಯರಿಗೆ ಹೇಳಿ ದಾಟಿಸಿಬಿಡುತ್ತಿದ್ದೆ. ನಾನೂ ಮನೆಯಲ್ಲಿ ಓದಿಕೊಂಡಿರಲಿಲ್ಲ. ಅತ್ತೆ ಗೋತ್ರವನ್ನು ನಂಬಿದರು, ನಾನು ವಯಸ್ಸನ್ನು ನಂಬಿದೆ. ಮೊಲಗಳು ಎರಡನ್ನೂ ಲೆಕ್ಕಕ್ಕಿಡಲಿಲ್ಲ.

೨. ಮೂರು ಕುಟ್ಟು

ಗೌಡರ ತಾಯಿಯ ಕಥೆ ಹೇಳದೆ ಮುಂದೆ ಹೋಗುವಂತಿಲ್ಲ. ನಮ್ಮ ಬಡಾವಣೆಯ ಬಹುಭಾಗ ಒಂದು ಕಾಲಕ್ಕೆ ಆಕೆಯ ರಾಗಿ ಹೊಲ. ಮಗ ಬಡಾವಣೆಗೆ ಹೊಲ ಕೊಟ್ಟ ದಿನದಿಂದ ಸಾಯುವವರೆಗೂ ಆಕೆ ಮಗನ ಜೊತೆ ಒಂದು ಮಾತೂ ಆಡಲಿಲ್ಲವಂತೆ. ಬೇಕಾದದ್ದನ್ನು ಊರುಗೋಲಿನಿಂದ ನೆಲ ಕುಟ್ಟಿ ಹೇಳುವುದು. ಒಂದು ಕುಟ್ಟಿದರೆ ನೀರು, ಎರಡು ಕುಟ್ಟಿದರೆ ಊಟ, ಮೂರು ಕುಟ್ಟಿದರೆ ಎದುರಿಗೆ ನಿಲ್ಲಬೇಡ ಎಂದು.

ಫೆಬ್ರವರಿಯ ಒಂದು ಭಾನುವಾರ, ಮಟಮಟ ಮಧ್ಯಾಹ್ನ. ಗೌಡರು ಎಣಿಕೆಗೆ ಬಂದು ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದರು. ಗಾಳಿ ಪೂರ್ತಿ ನಿಂತುಹೋಗಿತ್ತು. ಹೊಂಗೆಯ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಕಾಗೆಗಳೂ ಸುಮ್ಮನಿದ್ದವು. ಆಗ ನೆಲದ ಕೆಳಗಿನಿಂದ ಬಂದ ಹಾಗೆ ಕೇಳಿಸಿತು.

ಧಡ್.

ಗೌಡರು ಕತ್ತೆತ್ತಿದರು.

ಧಡ್. ಧಡ್.

ಗೌಡರಿಗೆ ಅನುಮಾನವೇ ಉಳಿಯಲಿಲ್ಲ. ಹೆಗಲ ಮೇಲಿನ ಟವಲನ್ನು ಕೈಗೆ ತೆಗೆದುಕೊಂಡು ಎದ್ದರು. "ಹೋದೆ ಕಣವ್ವ, ನಿಂತ್ಕಳಕಿಲ್ಲ" ಎನ್ನುತ್ತ, ಸಮಾಧಿಗೆ ಬೆನ್ನು ಹಾಕದೆ ಹಿಂದುಹಿಂದಕ್ಕೇ ಹೆಜ್ಜೆಯಿಟ್ಟು ಮುಂಬಾಗಿಲು ಸೇರಿದರು. ನಾನೂ ಒಂದು ಮೆಟ್ಟಿಲು ಮೇಲಕ್ಕೆ ಹತ್ತಿ ನಿಂತದ್ದು ಸುಳ್ಳಲ್ಲ.

ಎರಡು ದಿನ ಹೊಂಚುಹಾಕಿ ಕಾರಣ ಕಂಡುಹಿಡಿದೆ. ಹಿತ್ತಿಲ ಮೇಲೆ ಹದ್ದಿನ ನೆರಳು ಹಾದಾಗಲೆಲ್ಲ ಉಪ್ಪು ಸೌದೆ ಕೋಣೆಗೆ ಓಡಿ ಹಿಂಗಾಲಿನಿಂದ ಚಪ್ಪಡಿಗೆ ಬಡಿಯುತ್ತಿತ್ತು. ಅಪಾಯ ಬಂತು ಎಂದು ಸಾರುವುದು ಮೊಲದ ಜಾತಿಯ ಪದ್ಧತಿ. ಆ ಚಪ್ಪಡಿಯ ಕೆಳಗೆ ಹಳೆಯ ಹಗೇವು ಇತ್ತು. ಹಗೇವು ಅಂದರೆ ಹಿಂದಿನವರು ರಾಗಿ ತುಂಬಿಡುತ್ತಿದ್ದ, ಆಳು ನಿಲ್ಲುವಷ್ಟು ಆಳದ ನೆಲದ ಗುಂಡಿ. ಈಗ ಬರಿದಾಗಿತ್ತು. ಹಾಗಾಗಿ ಮೊಲದ ಕಾಲಿನ ಸದ್ದು ಭೂಮಿಯ ಹೊಟ್ಟೆಯಿಂದ ಬಂದಂತೆ ಕೇಳುತ್ತಿತ್ತು.

ನಾನು ಹೆಮ್ಮೆಯಿಂದ ಹೋಗಿ ಎಲ್ಲವನ್ನೂ ವಿವರಿಸಿದೆ. ಗೌಡರು ಶಾಂತವಾಗಿ ಕೇಳಿಸಿಕೊಂಡರು.

"ಸರಿ ಟೀಚರಮ್ಮ. ಮೊಲ ಅಂತ್ಲೇ ಇಟ್ಕಳಿ. ಅದುಕ್ಕೆ ಮೂರು ಎಣಿಸೋದ ಯಾರು ಹೇಳ್ಕೊಟ್ರು, ನೀವಾ?"

೩. ಕಟ್ಟೆಯ ಮೇಲೆ ಕೆಂಪು

ಮಾರ್ಚ್ ತಿಂಗಳಲ್ಲಿ ಒಂದು ಬೆಳಗ್ಗೆ, ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ, ಹೂ ಕೀಳಲು ಹೋದ ಅತ್ತೆ ಕಿಟಾರನೆ ಕಿರುಚಿದರು. ಸಮಾಧಿಯ ಬಿಳಿ ಸುಣ್ಣದ ಕಟ್ಟೆಯ ಮೇಲೆ ಕೆಂಪು ಕಲೆಗಳು. ಒಂದೆರಡಲ್ಲ. ಸೌದೆ ಕೋಣೆಯ ಬಾಗಿಲಿನಿಂದ ಕಟ್ಟೆಯವರೆಗೆ ಯಾರೋ ಗಾಯಗೊಂಡವರು ನಡೆದುಹೋದ ಹಾಗೆ ಸಾಲಾಗಿ ಬಿದ್ದಿದ್ದವು.

ಗೌಡರು ನಿಂಬೆಹಣ್ಣು ತಂದರು. ಅತ್ತೆ ಕುಂಕುಮ ಕೊಟ್ಟರು. ಎಂದೂ ಒಬ್ಬರ ಲೋಟ ಒಬ್ಬರು ಮುಟ್ಟದ ಇಬ್ಬರೂ ಆ ದಿನ ಒಂದೇ ನಿಂಬೆಹಣ್ಣಿನ ಎರಡು ಹೋಳು ಹಿಡಿದು ನಿಂತಿದ್ದರು. ನಾನು ಸ್ಕೂಲಿನ ಪ್ರಯೋಗಶಾಲೆಯಿಂದ ಭೂತಗನ್ನಡಿ ತಂದು ಕಟ್ಟೆಯ ಮುಂದೆ ಮಂಡಿಯೂರಿದೆ. ನೋಡುತ್ತಿರುವಾಗಲೇ ಸಕ್ಕರೆ ಕುಪ್ಪಳಿಸಿಕೊಂಡು ಬಂದು, ನನ್ನ ಎದುರಿಗೇ ಇನ್ನೊಂದು ಕಲೆ ಮಾಡಿ ಹೋಯಿತು.

ಅದು ರಕ್ತವಲ್ಲ, ಮೊಲದ ಉಚ್ಚೆ. ಗೌಡರು ಹಿತ್ತಿಲಿನಲ್ಲಿ ಬೆಳೆದ ಕೆಂಪು ದಂಟಿನ ಸೊಪ್ಪನ್ನು ಮಗಳು ದಿನಾ ಹಿಡಿಹಿಡಿ ತಿನ್ನಿಸುತ್ತಿದ್ದಳು. ಸೊಪ್ಪಿನ ಬಣ್ಣವೇ ಹಾಗೆ ಹೊರಗೆ ಬರುತ್ತಿತ್ತು. ಈ ಸಲ ಸಾಕ್ಷಿ ಇತ್ತು. ಗೌಡರಿಗೂ ಒಪ್ಪದೆ ವಿಧಿಯಿರಲಿಲ್ಲ. ಆದರೆ ಅವರು ಬೇರೆಯೇ ಕಡೆ ಯೋಚಿಸಿದರು.

"ಸೊಪ್ಪು ಬೆಳ್ದಿದ್ದು ಯಾರ ಮಣ್ಣಲ್ಲಿ? ಅವ್ವ ಮಲಗಿರೋ ಮಣ್ಣಲ್ಲಿ. ಕೆಂಪು ಎಲ್ಲಿಂದ ಬಂತು ಅಂತೀರಿ?"

ಅಂದಿನಿಂದ ಅವರ ಮನೆಯಲ್ಲಿ ಯಾರೂ ಆ ಸೊಪ್ಪು ಮುಟ್ಟಲಿಲ್ಲ. ಬೆಳೆದದ್ದನ್ನು ಎಸೆಯಲು ಮನಸ್ಸಾಗದೆ ಅಷ್ಟನ್ನೂ ನಮ್ಮ ಮೊಲಗಳಿಗೆ ಕಳಿಸಿದರು. ಮುಂದಿನ ವಾರ ಹಿತ್ತಿಲು ಕೊಲೆ ನಡೆದ ಜಾಗದ ಹಾಗೆ ಕಾಣುತ್ತಿತ್ತು.

೪. ಮುಸ್ಸಂಜೆಯಲ್ಲಿ ತಲೆ ಬಾಚಿದವರು

ಏಪ್ರಿಲ್. ಸಂಜೆ ಹಿತ್ತಿಲ ಬಾಗಿಲಲ್ಲಿ ಕೂತು ಪರೀಕ್ಷೆಯ ಪೇಪರು ತಿದ್ದುತ್ತಿದ್ದೆ. ಒಂದು ಬಿಳಿ ಕೂದಲು ತೇಲುತ್ತ ಬಂದು ಪೇಪರಿನ ಮೇಲೆ ಕೂತಿತು. ಊದಿದೆ. ಇನ್ನೊಂದು ಬಂತು. ತಲೆ ಎತ್ತಿದರೆ ಸೌದೆ ಕೋಣೆಯ ಕಡೆಯಿಂದ ಬಿಳಿ ಕೂದಲಿನ ಎಳೆಗಳು ಗಾಳಿಯಲ್ಲಿ ಒಂದೊಂದಾಗಿ ಬರುತ್ತಿದ್ದವು.

"ನಂದಲ್ಲ. ನನ್ನ ಕೂದಲು ಇಷ್ಟು ನೆರೆತಿಲ್ಲ," ಎಂದರು ಅತ್ತೆ, ನಾನು ಕೇಳುವ ಮೊದಲೇ.

ಎಳೆಗಳು ಮುಂದಿನ ಮನೆಗೂ ಹೋಗಿರಬೇಕು. ಗೌಡರ ದನಿ ಕೇಳಿಸಿತು. ಯಾರಿಗೋ ಸಮಾಧಾನ ಹೇಳುವಂತೆ ಮಾತಾಡುತ್ತಿದ್ದರು. "ಮುಸ್ಸಂಜೇಲಿ ತಲೆ ಬಾಚ್ಬ್ಯಾಡ ಅಂತ ಬದುಕಿದ್ದಾಗ್ಲೂ ಹೇಳ್ತಿದ್ದೆ ಕಣವ್ವ. ಆಗ್ಲೂ ಕೇಳ್ಲಿಲ್ಲ, ಈಗ್ಲೂ ಕೇಳಕಿಲ್ಲ."

ನಾನು ಲಾಟೀನು ಹಿಡಿದು ಸೌದೆ ಕೋಣೆಗೆ ಹೋದೆ. ಸಕ್ಕರೆ ತನ್ನ ಎದೆ ಹೊಟ್ಟೆಯ ಕೂದಲನ್ನೆಲ್ಲ ಬಾಯಿಂದ ಕಿತ್ತು, ಬೋಳು ಹೊಟ್ಟೆಯಲ್ಲಿ ಮೂಲೆಗೆ ಕೂತಿತ್ತು. ಸೌದೆಯ ಹಿಂದೆ ಕಿತ್ತ ಕೂದಲಿನ ಒಂದು ಗುಡ್ಡೆ. ಗುಡ್ಡೆಯ ಹತ್ತಿರ ಯಾವ ಪ್ರಾಣಿಯೂ ಇರಲಿಲ್ಲ. ಆದರೆ ಗುಡ್ಡೆ ತಾನೇ ಮೇಲಕ್ಕೂ ಕೆಳಕ್ಕೂ ಆಡುತ್ತಿತ್ತು, ಉಸಿರಾಡುತ್ತಿತ್ತು.

ಧೈರ್ಯ ಮಾಡಿ ಕೈಹಾಕಿದೆ. ಬೆಚ್ಚಗಿತ್ತು. ಕಣ್ಣು ಬಿಡದ, ಕೂದಲಿಲ್ಲದ, ಹೆಬ್ಬೆರಳಿನಷ್ಟು ಜೀವಗಳು ಕೈಗೆ ಸಿಕ್ಕವು. ಒಂದು, ಎರಡು, ಮೂರು, ನಾಲ್ಕು. ಇನ್ನೂ ಒಳಗೆ ಕೈ ತೂರಿಸುವ ಧೈರ್ಯವಾಗಲಿಲ್ಲ. ಎರಡು ಮತ್ತು ನಾಲ್ಕು ಆರು ಅಂತ ಲೆಕ್ಕ ಹಾಕುತ್ತಿದ್ದ ಹಾಗೇ ನನ್ನ ಕಣ್ಣ ಮುಂದೆ ರಾಯಚೂರು ಬಂತು.

ಅತ್ತೆ ಬಾಗಿಲಲ್ಲಿ ನಿಂತಿದ್ದರು. "ಅಣ್ಣ ತಂಗಿ, ಸಗೋತ್ರ ಅಂದ್ರಲ್ಲಮ್ಮ?" ಎಂದೆ ಅಳುದನಿಯಲ್ಲಿ.

ಅತ್ತೆ ಮರಿಗಳನ್ನೊಮ್ಮೆ ಬಗ್ಗಿ ನೋಡಿ ಹೇಳಿದರು: "ಆ ಡ್ರಾಯಿಂಗ್ ಮಾಸ್ಟರು ಸುಳ್ಳು ಹೇಳಿದಾನೆ ಕಣೆ. ಬೇರೆ ಗೋತ್ರದ್ದನ್ನೇ ಕೊಟ್ಟಿದಾನೆ."

೫. ಮುಖ ತೋರಿಸಿದ ಶಾಸ್ತ್ರ

ಆ ರಾತ್ರಿಯೇ ಉಪ್ಪನ್ನು ಬೇರೆ ಮಾಡಿದೆ. ದೊಡ್ಡ ಬುಟ್ಟಿಯನ್ನು ಅದರ ಮೇಲೆ ಕವುಚಿ, ಬುಟ್ಟಿಯ ಮೇಲೆ ಗುಂಡುಕಲ್ಲು ಇಟ್ಟೆ. ತಡವಾಗಿಯಾದರೂ ಬುದ್ಧಿ ಬಂತಲ್ಲ ಎಂದು ಮಾರನೆಯ ದಿನ ನೆಮ್ಮದಿಯಿಂದ ಸ್ಕೂಲಿಗೆ ಹೋದೆ. ಮಧ್ಯಾಹ್ನ ಬಂದಾಗ ಅತ್ತೆ ಬಲು ಸಂತೋಷದಲ್ಲಿದ್ದರು. ಬಾಣಂತಿಗೆ ಸಬ್ಬಸಿಗೆ ಸೊಪ್ಪು ಹಾಕಿದ್ದರು. ಕೋಣೆಗೆ ಸಾಂಬ್ರಾಣಿ ಹೊಗೆಯೂ ಆಗಿತ್ತು.

"ತಂದೆಗೆ ಮಕ್ಕಳ ಮುಖ ತೋರಿಸ್ದೆ. ಪಾಪ, ಬುಟ್ಟಿ ಒಳಗೆ ಕೂತು ಕೊರಗ್ತಿತ್ತು. ಒಂದರ್ಧ ಗಂಟೆ ಒಳಗೆ ಬಿಟ್ಟು ಆಮೇಲೆ ಕರ್ಕೊಂಡ್ ಬಂದೆ."

"ಅಮ್ಮಾ! ಸಕ್ಕರೆ ಅಲ್ಲೇ ಇತ್ತಲ್ಲ!"

"ಇದ್ರೆ ಏನು? ಹೆತ್ತು ಒಂದು ದಿನ ಆಗಿಲ್ಲ. ಹತ್ತು ದಿನ ಪುರುಡಿನ ಮೈಲಿಗೆ ಇರುತ್ತೆ. ಅಷ್ಟೂ ತಿಳಿಯಲ್ವೇ ಅದಕ್ಕೆ?"

ಆ ವಾರ ಗೌಡರ ಹಸುವನ್ನು ನೋಡಲು ದನದ ಆಸ್ಪತ್ರೆಯ ಡಾಕ್ಟರು ಬಂದರು. ಎತ್ತು ಎಮ್ಮೆಗಳ ಜೊತೆ ಮಾತಾಡಿ ಅವರ ದನಿ ಹಾಗೇ ಆಗಿತ್ತು. ಗೌಡರು ಹಸುವನ್ನು ಬಯಲಿಗೆ ಹೊಡೆದುಕೊಂಡು ಹೋದ ಮೇಲೆ ಹಿತ್ತಿಲಿಗೆ ಕರೆದು ಗುಟ್ಟಾಗಿ ವಿಷಯ ಹೇಳಿದೆ.

"ಹೆತ್ತ ಮಾರನೇ ದಿನ ಬಿಟ್ರಾ?" ಎಂದರು ಡಾಕ್ಟರು, ಇಡೀ ಕ್ರಾಸಿಗೆ ಕೇಳುವಂತೆ.

"ಮೆಲ್ಲಗೆ ಡಾಕ್ಟ್ರೇ."

"ಮೆಲ್ಲಗೆ ಹೇಳಿದ್ರೂ ಅಷ್ಟೇ. ಮುಗೀತು. ಹಸು ಥರ ಅಲ್ಲಮ್ಮ ಇದು. ಹೆತ್ತ ದಿನಾನೇ ಮತ್ತೆ ಗಬ್ಬ ಕಟ್ಟುತ್ತೆ. ಮೂವತ್ತೊಂದನೇ ದಿನ ಕ್ಯಾಲೆಂಡರಲ್ಲಿ ಗುರುತು ಹಾಕ್ಕೊಳ್ಳಿ. ಮೂರು ತಿಂಗಳು ತುಂಬೋಕೆ ಮುಂಚೆ ಗಂಡು ಹೆಣ್ಣು ಬೇರೆ ಮಾಡ್ಬೇಕಿತ್ತು. ಚಿಕ್ಕದು ಅಂತ ನೋಡ್ತಾ ಕೂತ್ರೆ ಅವು ಕಾಯಲ್ಲ."

ಉಪ್ಪಿಗೆ ಆಪರೇಷನ್ ಮಾಡಬಹುದೇ ಎಂದು ಕೇಳಿದೆ. ಡಾಕ್ಟರು ಚೀಲದಿಂದ ಹೋರಿಗಳಿಗೆ ಬಳಸುವ ಕಬ್ಬಿಣದ ಇಕ್ಕಳ ತೆಗೆದು ಉಪ್ಪಿನ ಪಕ್ಕದಲ್ಲಿಟ್ಟರು. ಇಕ್ಕಳವೇ ಉದ್ದವಿತ್ತು.

"ನನ್ನ ಹತ್ರ ಇರೋದು ಇದು. ಇದರಲ್ಲಿ ಮಾಡಿದ್ರೆ ಉಪ್ಪಿನ ವಂಶ ಅಲ್ಲ, ಉಪ್ಪೇ ಇರಲ್ಲ."

ಮೂವತ್ತೊಂದನೆಯ ದಿನ ಬೆಳಗ್ಗೆ ಸರಿಯಾಗಿ ಐದು ಮರಿ. ಕ್ಯಾಲೆಂಡರಿನ ಗುರುತಿನ ಎದುರು ನಿಂತು ಅತ್ತೆ ಹೇಳಿದರು: "ನಾನಂದ್ಕೊಂಡೆ. ಆ ಡಾಕ್ಟರದ್ದು ಕರಿನಾಲಿಗೆ."

೬. ಬೀಗದೊಳಗಿನ ಬಸಿರು

ಆಮೇಲಿನ ಎರಡು ತಿಂಗಳು ಭಾನುವಾರಗಳನ್ನು ಹೇಗೆ ಕಳೆದೆವೋ ದೇವರಿಗೇ ಗೊತ್ತು. ಗೌಡರು ಬರುವ ಹೊತ್ತಿಗೆ ಮರಿಗಳು ಖಾಲಿ ಹಂಡೆಯೊಳಗೆ ಇರುತ್ತಿದ್ದವು. ಒಳಗೆ ಪರಪರ ಸದ್ದಾದರೆ ಅತ್ತೆ ಗಟ್ಟಿಯಾಗಿ ದೇವರನಾಮ ಹೇಳುತ್ತಿದ್ದರು. "ನಿಮ್ಮತ್ತೆಯೋರು ಭಾನುವಾರ ಭಾರೀ ಭಕ್ತಿ" ಎಂದು ಗೌಡರು ಮೆಚ್ಚಿಕೊಂಡರು.

ಮರಿಗಳು ದೊಡ್ಡವಾದ ಹಾಗೆ ಡಾಕ್ಟರಿಗೆ ಒಂದೊಂದನ್ನೂ ಮಗುಚಿ ತೋರಿಸಿದೆ. ಗಂಡುಗಳನ್ನು ಒಂದು ಮನೆಗೆ, ಹೆಣ್ಣುಗಳನ್ನು ಇನ್ನೊಂದು ಮನೆಗೆ, ಊಟದ ಬುಟ್ಟಿಯಲ್ಲಿ ಬಚ್ಚಿಟ್ಟು ಸಾಗಿಸಿದೆ. ಉಪ್ಪು ತ್ಯಾಗರಾಜನಗರಕ್ಕೆ ವಾಪಸ್ಸು ಹೋಯಿತು. ಎಣಿಕೆಗೆ ಎರಡು ಬೇಕಲ್ಲ? ಅದಕ್ಕಾಗಿ ಒಂದು ಹೆಣ್ಣುಮರಿಯನ್ನು ಉಳಿಸಿಕೊಂಡು ಅದನ್ನೇ ಉಪ್ಪು ಎಂದು ಕರೆದೆವು.

"ಉಪ್ಪು ಯಾಕೋ ಇಳ್ದೋಗದೆ," ಎಂದರು ಗೌಡರು ಮೊದಲ ಭಾನುವಾರ.

"ಸಂಸಾರ ಅಂದ್ಮೇಲೆ ಅಷ್ಟೇ ಅಲ್ವೇ ಗೌಡ್ರೇ," ಎಂದರು ಅತ್ತೆ.

ಹೀಗೆ ಎರಡೂ ಹೆಣ್ಣು. ಇಬ್ಬರಿಗೂ ಸೌದೆ ಕೋಣೆಯೇ ಮನೆ. ಬಾಗಿಲಿಗೆ ಬೀಗ, ಬೀಗದ ಕೈ ಅತ್ತೆಯ ಸೊಂಟದಲ್ಲಿ. ಇಷ್ಟಾದರೂ ಶ್ರಾವಣದಲ್ಲಿ ಸಕ್ಕರೆಯ ಹೊಟ್ಟೆ ಮತ್ತೆ ದುಂಡಗಾಯಿತು.

"ಗಂಡ ಊರಲ್ಲಿಲ್ಲ. ಬಾಗಿಲಿಗೆ ಬೀಗ. ಬಸಿರು ಎಲ್ಲಿಂದ ಬಂತು?" ಎಂದರು ಅತ್ತೆ. ಈ ಮಾತನ್ನು ಅವರು ನನ್ನ ಮುಖ ನೋಡಿಕೊಂಡು ಹೇಳಬೇಕಾಗಿರಲಿಲ್ಲ.

ಡಾಕ್ಟರು ಬಂದು ಹೊಟ್ಟೆ ಒತ್ತಿ ನೋಡಿ ಹೌದೆಂದರು. ಹೊಸ ಉಪ್ಪನ್ನು ಮಗುಚಿ ಹೆಣ್ಣೇ ಎಂದರು. ಬೀಗ ಎಳೆದು ನೋಡಿದರು, ಗೋಡೆ ತಟ್ಟಿ ನೋಡಿದರು. ಮೊದಲ ಸಲ ಅವರ ದನಿ ತಗ್ಗಿತು. "ಟೀಚರೇ, ಇದು ನಮ್ಮ ಇಲಾಖೆಗೆ ಬರಲ್ಲ. ಪುರಾಣದಲ್ಲಿ ಏನಾದ್ರೂ ಇದ್ಯಾ ಅಂತ ನಿಮ್ಮತ್ತೇನ ಕೇಳಿ."

ಅವರು ಹೋದ ಮೇಲೆ ನಾನೊಬ್ಬಳೇ ಸೌದೆಯನ್ನೆಲ್ಲ ಸರಿಸಿದೆ. ಹೊರಗೆ ಸಣ್ಣ ಮಳೆ. ಗೋಡೆಯ ಬುಡದಲ್ಲಿ, ಚಪ್ಪಡಿಯ ಮೂಲೆ ಒಡೆದು, ಮಣ್ಣು ಹಗೇವಿನೊಳಕ್ಕೆ ಇಳಿಜಾರಾಗಿ ಕುಸಿದು, ಒಂದು ತೂತು ಕಾಣಿಸಿತು. ಅದರಿಂದ ತಣ್ಣನೆಯ ಗಾಳಿ ಬರುತ್ತಿತ್ತು, ಹಳೆಯ ರಾಗಿಯ ಮುಗ್ಗಲು ವಾಸನೆಯ ಗಾಳಿ. ಸಕ್ಕರೆ, ಉಪ್ಪು ಎರಡೂ ನನ್ನ ಪಕ್ಕದಲ್ಲಿ ಕಿವಿ ನೆಟ್ಟಗೆ ಮಾಡಿ ಆ ತೂತನ್ನೇ ನೋಡುತ್ತ ಕದಲದೆ ಕೂತಿದ್ದವು.

ಕೆಳಗಿನಿಂದ ಬಂತು: ಧಡ್.

ಸಕ್ಕರೆ ಹಿಂಗಾಲು ಎತ್ತಿ ಉತ್ತರ ಕೊಟ್ಟಿತು: ಧಡ್.

ಕೆಳಗಿನಿಂದ: ಧಡ್. ಧಡ್. ಧಡ್.

ಟಾರ್ಚು ಬಿಟ್ಟೆ. ಹಗೇವಿನ ಕತ್ತಲಲ್ಲಿ ಎರಡು ಕೆಂಪು ಚುಕ್ಕಿ ಹೊಳೆದವು. ಆಮೇಲೆ ನಾಲ್ಕು. ಆಮೇಲೆ ಆರು. ಒಟ್ಟಿಗೇ ಆರಿಹೋದವು.

ಆಗ ಅರ್ಥವಾಯಿತು. ಏಪ್ರಿಲ್‌ನಲ್ಲಿ ನನ್ನ ಕೈಗೆ ನಾಲ್ಕು ಸಿಕ್ಕಿದ್ದವು, ಆದ್ದರಿಂದ ನಾಲ್ಕೇ ಎಂದುಕೊಂಡಿದ್ದೆ. ಕೈಗೆ ಸಿಗದವು ಒಳಗೆ ಜಾರಿ, ತಾಯಿ ಕದ್ದು ಇಳಿದು ಕೊಟ್ಟ ಹಾಲು ಕುಡಿದು, ರಾತ್ರಿ ಮೇಲೆ ಬಂದು ಸೊಪ್ಪು ತಿಂದು, ನೆಲದ ಕೆಳಗೆ ಬೆಳೆದು ಪ್ರಾಯಕ್ಕೆ ಬಂದಿದ್ದವು. ಕಾರಣ ತಿಳಿದ ಮೇಲೂ ಮೈಮೇಲಿನ ಕೂದಲು ಮಲಗಲಿಲ್ಲ. ತೂತಿನ ಮೇಲೆ ಗುಂಡುಕಲ್ಲು ಇಟ್ಟು ಬಂದೆ. ರಾತ್ರಿ ಹಾಸಿಗೆ ಎಳೆದುಕೊಂಡು ಹೋಗಿ ಅತ್ತೆಯ ಪಕ್ಕದಲ್ಲಿ ಹಾಕಿದೆ.

"ಯಾಕೆ, ಭಯವೇ?" ಎಂದರು ಅತ್ತೆ.

"ಛೆ, ನನ್ನ ರೂಮಿನಲ್ಲಿ ಸೆಕೆ," ಎಂದೆ, ಶ್ರಾವಣದ ಚಳಿಯಲ್ಲಿ ಹಲ್ಲು ಕಟಕಟ ಅನ್ನಿಸುತ್ತ.

೭. ಎಡೆ

ಗುಂಡುಕಲ್ಲಿನಿಂದ ಏನೂ ಆಗಲಿಲ್ಲ. ಕೆಳಗಿನವರು ಕಲ್ಲಿನ ಪಕ್ಕದಲ್ಲೇ ಬೇರೆ ದಾರಿ ಮಾಡಿಕೊಂಡರು. ಭಾದ್ರಪದ ಮುಗಿಯುವ ಹೊತ್ತಿಗೆ ಸಮಾಧಿಯ ಹಿಂಬದಿಯಲ್ಲಿ ಮೂರು ಬಿಲ ತೆರೆದಿದ್ದವು. ಸಕ್ಕರೆಯ ಹೊಟ್ಟೆಯೂ ಒಂದು ದಿನ ಇಳಿದಿತ್ತು. ಮರಿಗಳು ಎಲ್ಲಿ ಎಂದು ನಾನು ಹುಡುಕಲು ಹೋಗಲಿಲ್ಲ. ಬಿಲಗಳ ಮೇಲೆ ಹೊಂಗೆ ಸೊಪ್ಪು ಮುಚ್ಚಿ ದಿನ ದೂಡಿದೆ. ಮೂರನೆಯ ಮೊಲವೊಂದೇ ಅಲ್ಲ, ಗೌಡರ ಅವ್ವನ ಸಮಾಧಿಯನ್ನೇ ಕೆದಕಿಸಿದ್ದೆ. ಕ್ಷಮೆ ಕೇಳುವ ಮುಖವೂ ನನಗಿರಲಿಲ್ಲ.

ಮಹಾಲಯ ಅಮಾವಾಸ್ಯೆಯ ದಿನ ಗೌಡರು ಬಂದು, "ಸಂಜೆ ಅವ್ವಂಗೆ ಎಡೆ ಇಕ್ತೀನಿ. ಬಾಗ್ಲು ಹಾಕ್ಕಂಡು ಒಳಗಿರಿ ಟೀಚರಮ್ಮ," ಎಂದರು. ಸತ್ತ ಹಿರಿಯರಿಗೆ ಇಷ್ಟವಾದ ಅಡುಗೆಯನ್ನು ಎಲೆಗೆ ಬಡಿಸಿಟ್ಟು, ತಿರುಗಿ ನೋಡದೆ ಬಂದು ಬಾಗಿಲು ಹಾಕಿಕೊಳ್ಳುವುದು ಅವರ ಪದ್ಧತಿ. ಹಿರಿಯರು ಬಂದು ಉಣ್ಣುವಾಗ ಯಾರೂ ನೋಡಬಾರದು. ವರ್ಷಾವರ್ಷ ಎಡೆ ಇಟ್ಟರೂ ಇದುವರೆಗೆ ಅವ್ವ ಎಲೆ ಮುಟ್ಟಿದ ಗುರುತೇ ಇರಲಿಲ್ಲವಂತೆ.

"ಹೊಲ ಹೋದ ಸಿಟ್ಟು ಇನ್ನೂ ಇಳ್ದಿಲ್ಲ," ಎಂದು ಗೌಡರು ಟವಲಿನಿಂದ ಮುಖ ಒರೆಸಿಕೊಂಡರು.

ಸಂಜೆ ನಾವು ಬಾಗಿಲು ಹಾಕಿಕೊಂಡೆವು. ಸಕ್ಕರೆಯನ್ನೂ ಹೊಸ ಉಪ್ಪನ್ನೂ ಬುಟ್ಟಿಯಲ್ಲಿ ತಂದು ನನ್ನ ಕಾಲ ಬಳಿ ಇಟ್ಟುಕೊಂಡಿದ್ದೆ. ಹೊರಗೆ ಗೌಡರ ಹೆಜ್ಜೆ, ಪಾತ್ರೆಯ ಸದ್ದು, "ಬಂದು ಉಣ್ಣವ್ವ" ಎನ್ನುವ ದನಿ. ಆಮೇಲೆ ಏನೂ ಕೇಳಲಿಲ್ಲ. ನರಿಯೂ ಕೂಗಲಿಲ್ಲ. ಆ ಮೌನದೊಳಗೆ ಮೆಲ್ಲಗೆ ಶುರುವಾಯಿತು: ಕರಕರ, ಕರಕರ, ಕರಕರ. ತುಂಬ ಬಾಯಿಗಳು ಒಟ್ಟಿಗೆ ಅಗಿಯುವ ಸದ್ದು. ಅತ್ತೆ ನನ್ನ ಕೈ ಹಿಡಿದುಕೊಂಡರು. ಎಷ್ಟು ಹೊತ್ತು ಕೇಳಿಸಿತೋ ಗೊತ್ತಿಲ್ಲ.

ಬಾಗಿಲು ಬಡಿದ ಸದ್ದಾಯಿತು. "ಟೀಚರಮ್ಮಾ! ಟೀಚರಮ್ಮಾ!"

ಮುಗಿಯಿತು ಎಂದುಕೊಂಡೆ. ಯಾವ ಟ್ರಂಕಿಗೆ ಯಾವ ಪಾತ್ರೆ ಎಂದು ಮನಸ್ಸು ಆಗಲೇ ತುಂಬತೊಡಗಿತ್ತು. ಬಾಗಿಲು ತೆಗೆದೆ. ಗೌಡರು ಚಿಕ್ಕ ಮಗುವಿನ ಹಾಗೆ ಅಳುತ್ತ ನಿಂತಿದ್ದರು.

"ತಿರುಗಿ ನೋಡ್ಬಾರ್ದು ಅಂತಾರೆ. ತಡೀನಾರ್ದೆ ನೋಡ್ಬುಟ್ಟೆ ಟೀಚರಮ್ಮ. ಬಂದ್ಲು! ಬೆಳ್ಳಗೆ ನಮ್ಮವ್ವ! ಮಣ್ಣೊಳಗಿಂದ್ಲೇ ಎದ್ದು ಬಂದ್ಲು. ಕೂತ್ಕಂಡು ಉಂಡ್ಲು."

"ಗೌಡ್ರೇ, ಅದು..."

"ಸೊಪ್ಪು ತಿಂದ್ಲು, ಸೌತೆಕಾಯಿ ತಿಂದ್ಲು, ವೀಳ್ಯದೆಲೆ ತಿಂದ್ಲು. ಬಾಳೆ ಎಲೇನೂ ಬಿಡ್ಲಿಲ್ಲ. ಅಷ್ಟು ಹಸ್ದಿದ್ಲು ನಮ್ಮವ್ವ. ಕೋಳಿ ಸಾರು ಮಾತ್ರ ಮೂಸೂ ನೋಡ್ಲಿಲ್ಲ. ಬದುಕಿದ್ದಾಗ ಕೋಳಿ ಇಲ್ದೆ ಮುದ್ದೆ ಮುರೀತಿರ್ಲಿಲ್ಲ." ಗೌಡರು ಅತ್ತೆಯ ಕಡೆ ತಿರುಗಿ ಕೈಮುಗಿದರು. "ಎಲ್ಲಾ ನಿಮ್ಮ ಸಾವಾಸ ತಾಯಿ. ನಿಮ್ಮ ಮಡಿ ನೋಡಿ ನೋಡಿ ಅವ್ಳೂ ಬಿಟ್ಬುಟ್ಟವ್ಳೆ."

ಅತ್ತೆ ಸೆರಗು ಸರಿಮಾಡಿಕೊಂಡರು.

"ಅವ್ವ ಒಬ್ಳೇ ಅಲ್ಲ ಟೀಚರಮ್ಮ. ನಮ್ಮಪ್ಪ, ನಮ್ಮ ತಾತ, ಮುತ್ತಾತ, ಸಣ್ಣವಿದ್ದಾಗ ಹೋದ ಮಕ್ಳು ಸೈತ, ಎಲ್ರೂ ಬಂದವ್ರೆ. ಎಲ್ಡು ಸರ್ತಿ ಎಣಿಸ್ದೆ. ಹದಿನೇಳು ಜನ."

"ಎಷ್ಟು?" ಎಂದೆ.

"ಹದಿನೇಳು."

ಬಗ್ಗಿ ಬುಟ್ಟಿಯ ಮುಚ್ಚಳ ಎತ್ತಿ ನೋಡಿದೆ. ಸಕ್ಕರೆ ಇತ್ತು. ಉಪ್ಪು ಇತ್ತು. ಎರಡು ಅಂದರೆ ಎರಡೇ.

"ನೀವು ಎಲ್ಲೂ ಹೋಗ್ಬ್ಯಾಡಿ," ಎಂದರು ಗೌಡರು. "ನಿಮ್ಮ ಯಜಮಾನ್ರು ರಾಯಚೂರಲ್ಲೇ ಇರ್ಲಿ, ಕಾಶೀಲೇ ಇರ್ಲಿ, ಈ ಮನೆ ನಿಮ್ದು. ನೀವು ಬಂದ್ಮ್ಯಾಕೇ ಅವ್ವ ಕೋಲು ಕುಟ್ಟಿದ್ದು, ತಲೆ ಬಾಚಿದ್ದು, ಇವತ್ತು ಉಂಡಿದ್ದು. ನನ್ ಮ್ಯಾಲಿನ ಸಿಟ್ಟು ಬಿಟ್ಲು."

ನಿಜ ಹೇಳಬೇಕೆಂದು ಬಾಯಿ ತೆರೆದೆ. ವಿಜ್ಞಾನದ ಟೀಚರಿಗೆ ಅದು ಧರ್ಮ. ಆದರೆ ಆ ಮಬ್ಬು ಕಣ್ಣುಗಳಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಅಷ್ಟು ಸುಖವಾಗಿ ಅತ್ತ ಗಂಡಸನ್ನು ನಾನು ನೋಡಿರಲಿಲ್ಲ. ತೆರೆದ ಬಾಯಿ ಮುಚ್ಚಿಕೊಂಡೆ. ಹನ್ನೊಂದನೇ ಪಾಠವನ್ನು ಇನ್ನು ಮುಂದೆ ಒಂದು ಸಾಲೂ ಬಿಡದೆ ಮಾಡುತ್ತೇನೆ ಎಂದು ಮನಸ್ಸಿನಲ್ಲೇ ತಪ್ಪುಕಾಣಿಕೆ ಕಟ್ಟಿದೆ.

ಗೌಡರು ಕಣ್ಣೊರೆಸಿಕೊಂಡು ಮೆಟ್ಟಿಲಿಳಿದರು. "ಈ ವರ್ಷ ಒಂದೇ ಎಲೆ ಇಕ್ಕಿ ತಪ್ಪು ಮಾಡ್ದೆ. ಪಾಪ, ಕಿತ್ಕಂಡು ತಿಂದ್ರು. ಬರೋ ವರ್ಷ ಹದಿನೇಳು ಎಲೆ ಇಕ್ತೀನಿ."

ಅತ್ತೆ ಬುಟ್ಟಿಯೊಳಗೆ ಇಣುಕುತ್ತಿದ್ದರು. ಹೊಸ ಉಪ್ಪು ಮೂಲೆಗೆ ಸರಿದು, ಎದೆಯ ಕೂದಲನ್ನು ಬಾಯಿಂದ ಒಂದೊಂದೇ ಗುಪ್ಪೆ ಕಿತ್ತು ಕೆಳಗೆ ಹಾಸುತ್ತಿತ್ತು.

"ಬರೋ ವರ್ಷಕ್ಕೆ ಹದಿನೇಳು ಸಾಲಲ್ಲ ಗೌಡ್ರೇ," ಎಂದರು ಅತ್ತೆ.